ಹೊಣೆ ದೊಡ್ಡದು, ಹೊರಿಸಿದವನು ಇನ್ನೂ ದೊಡ್ಡವನು

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶರಣ ಬಂಧುಗಳಿಗಾಗಿ ಹಾಸನದಲ್ಲಿ ಏರ್ಪಟ್ಟಿದ್ದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಶಕ್ತಿಗೆ ಮೀರಿದ ಹೊಣೆ ಎದುರಾದಾಗ ಶರಣನಾದವನು ಏನು ಮಾಡಬೇಕು ಎಂಬುದು ಈ ದಿನದ ಗೋಷ್ಠಿಯ ವಿಷಯ. ಇದು ಗ್ರಂಥ ನೋಡಿ ಹುಡುಕಿದ ಪ್ರಶ್ನೆಯಲ್ಲ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಓಡಾಡುವಾಗ ನಮ್ಮ ಜನರ ಬಾಯಿಂದಲೇ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆ. ಅಂಥ ಮೂರು ಮಾತುಗಳನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ.

ಚನ್ನರಾಯಪಟ್ಟಣದ ಕಡೆ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಕ್ಕಳಿಗೆ ವಚನ ಹೇಳಿಕೊಡಿ ಎಂದು ಊರಿನವರು ಕೇಳಿಕೊಂಡರು. ಅವರು ಅಂದರು: "ನಾನು ಲೆಕ್ಕದ ಮೇಷ್ಟ್ರು. ಮಕ್ಕಳು ಅರ್ಥ ಕೇಳಿದರೆ ಏನು ಹೇಳಲಿ?" ಹೊಳೆನರಸೀಪುರದ ಕಡೆ ಒಬ್ಬ ಯುವಕ. ಊರಿನ ಶರಣ ಬಳಗವನ್ನು ಅವನ ತಂದೆ ನಡೆಸುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಹೊಣೆ ಮಗನ ಹೆಗಲಿಗೆ ಬಂತು. ಅವನು ಅಂದ: "ಅಪ್ಪನ ಮಾತಿಗೆ ಹತ್ತು ಜನ ಬರುತ್ತಿದ್ದರು. ನನ್ನ ಮಾತಿಗೆ ಯಾರು ಬರುತ್ತಾರಣ್ಣಾ?" ಮೂರನೆಯವರು ಅರಕಲಗೂಡಿನ ಕಡೆಯ ಒಬ್ಬ ತಾಯಿ. ಪತಿ ಲಿಂಗೈಕ್ಯರಾಗಿ ಕೆಲವು ವರ್ಷಗಳಾಗಿವೆ. ನಿತ್ಯದ ಲಿಂಗಪೂಜೆ ತಪ್ಪಿಸಿದವರಲ್ಲ. ವಚನಗಳು ಬಾಯಿಪಾಠ. ಸಾಮೂಹಿಕ ಇಷ್ಟಲಿಂಗ ಪೂಜೆಯನ್ನು ನೀವೇ ನಡೆಸಿಕೊಡಿ ಅಕ್ಕಾ ಎಂದು ಬಳಗದವರು ಕೇಳಿದಾಗ ಅವರು ತಲೆ ತಗ್ಗಿಸಿ ಅಂದರು: "ನಾನು ಮುಂದೆ ಕೂತರೆ ಜನ ಏನಂತಾರೆ? ನನ್ನಂಥವಳ ಕೈಲಿ ಆಗೋ ಕೆಲಸವಾ ಇದು?"

ಮೂವರೂ ಒಳ್ಳೆಯವರು. ಮೂವರೂ ಹೇಳಿದ್ದು ಒಂದೇ ಮಾತು: ನನ್ನ ಕೈಲಾಗದು.

ನಮ್ಮ ಸೀಮೆಯ ಸ್ಥಿತಿ ನಿಮಗೆ ಗೊತ್ತು. ಎಷ್ಟೋ ಹಳ್ಳಿಗಳಲ್ಲಿ ಲಿಂಗಾಯತರ ಮನೆಗಳು ಬೆರಳೆಣಿಕೆಯಷ್ಟು. ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದರೆ ಕ್ರಿಯಾವಿಧಿ ತಿಳಿದವರನ್ನು ಬೇರೆ ಊರಿನಿಂದ ಕರೆತರಬೇಕು. ಮಕ್ಕಳಿಗೆ ಲಿಂಗಧಾರಣೆ ಆಗಿರುತ್ತದೆ, ಆದರೆ ಪೂಜೆ ಹೇಗೆ ಎಂದು ಹೇಳಿಕೊಡುವವರಿಲ್ಲ. ಕರಡಿಗೆ ದೇವರ ಗೂಡಿಗೆ ಸೇರುತ್ತದೆ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೀಗಿರುವಾಗ ಕೇಳಿಸಿಕೊಂಡವರೆಲ್ಲ "ನನ್ನ ಕೈಲಾಗದು" ಎಂದರೆ ಆ ಊರಿನಲ್ಲಿ ಬಸವತತ್ತ್ವ ಇನ್ನು ಒಂದು ತಲೆಮಾರಿಗೆ ಮುಗಿಯಿತು. ಆದ್ದರಿಂದ ಈ ಎರಡು ಪದಗಳ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ವಿನಯವೋ, ಅಳುಕೋ?

ನಮ್ಮ ಪಂಚಾಚಾರಗಳಲ್ಲಿ ಭೃತ್ಯಾಚಾರ ಒಂದು. ಭೃತ್ಯ ಎಂದರೆ ಸೇವಕ. ನಾನು ಎಲ್ಲರಿಗಿಂತ ಚಿಕ್ಕವನು, ಶಿವಭಕ್ತರೆಲ್ಲ ನನಗಿಂತ ಹಿರಿಯರು ಎಂಬ ಭಾವ ಅದು. ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರಿಯಾಗಿದ್ದಾಗಲೂ ಈ ಭಾವವನ್ನು ಬಿಡಲಿಲ್ಲ. ಹಾಗಾದರೆ "ನನ್ನ ಕೈಲಾಗದು" ಎನ್ನುವುದು ಭೃತ್ಯಾಚಾರವೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ.

ಸೇವಕನ ಲಕ್ಷಣ ಏನು? ಒಡೆಯ ಹೇಳಿದ ಕೆಲಸಕ್ಕೆ ಹೊರಡುವುದು. ತೋಟದ ಕೆಲಸಕ್ಕೆ ಇಟ್ಟುಕೊಂಡ ಆಳು, "ಯಜಮಾನರೇ, ನಾನು ಬಹಳ ಸಣ್ಣವನು, ಆದ್ದರಿಂದ ನಿಮ್ಮ ಮಾತು ಕೇಳುವುದಿಲ್ಲ" ಎಂದರೆ ಅದು ವಿನಯವೇ? ಬಸವಣ್ಣನವರು ತಮ್ಮನ್ನು ಕಿರಿಯನೆಂದು ಕರೆದುಕೊಂಡರು, ಆದರೆ ಹೊಣೆಯಿಂದ ಹಿಂದೆ ಸರಿಯಲಿಲ್ಲ. ರಾಜ್ಯದ ಬೊಕ್ಕಸ ನೋಡಿಕೊಂಡರು, ಮಹಾಮನೆಯ ದಾಸೋಹ ನಡೆಸಿದರು, ಜಾತಿಯ ಗೋಡೆಗೆ ಕೈಹಾಕಿದರು. ಕಿರಿಯನೆಂಬ ಭಾವ ಅವರನ್ನು ಕೆಲಸಕ್ಕೆ ಹಚ್ಚಿತು. ನಮ್ಮ ಅಳುಕು ನಮ್ಮನ್ನು ಕೆಲಸದಿಂದ ಬಿಡಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ಸೊನ್ನಲಿಗೆಯ ಸಿದ್ಧರಾಮರ ಕಥೆಯನ್ನು ನೆನೆಯಿರಿ. ಅವರು ಅಸಾಧ್ಯ ಸಮರ್ಥರು. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಸಾವಿರಾರು ಜನರನ್ನು ದುಡಿಸಿದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ತಡವಿದ್ದು ಯಾವುದಕ್ಕೆ? ಕೆರೆ ಕಟ್ಟಿದ್ದಕ್ಕಲ್ಲ. ನಾನು ಕಟ್ಟಿದೆ ಎಂಬುದು ಒಳಗೆ ಉಳಿದಿತ್ತಲ್ಲ, ಅದಕ್ಕೆ. ಮುಂದೆ ಸಿದ್ಧರಾಮರು ಕಲ್ಯಾಣಕ್ಕೆ ಬಂದರು, ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು.

ಇದರಿಂದ ಕಲಿಯಬೇಕಾದದ್ದು ಏನೆಂದರೆ, "ನಾನು ಮಾಡಿದೆ" ಎನ್ನುವವನ ಕಣ್ಣು ತನ್ನ ಮೇಲೇ ಇದೆ. "ನನ್ನ ಕೈಲಾಗದು" ಎನ್ನುವವನ ಕಣ್ಣೂ ತನ್ನ ಮೇಲೇ ಇದೆ. ಒಬ್ಬ ತನ್ನ ದೊಡ್ಡತನ ಅಳೆಯುತ್ತಿದ್ದಾನೆ, ಇನ್ನೊಬ್ಬ ತನ್ನ ಸಣ್ಣತನ ಅಳೆಯುತ್ತಿದ್ದಾನೆ. ಅಳತೆಗೋಲು ಕೆಳಗಿಟ್ಟು ಕರಸ್ಥಲದ ಲಿಂಗದ ಕಡೆ ನೋಡುವವನು ಭೃತ್ಯ.

1930ರಲ್ಲಿ ಸಿದ್ಧಗಂಗೆಯಲ್ಲಿ

ಹಳೆಯ ಕಾಲದ ಮಾತು ಬಿಡಿ, ನಾವು ಕಣ್ಣಾರೆ ಕಂಡ ಒಂದು ಜೀವನವನ್ನು ತೆಗೆದುಕೊಳ್ಳೋಣ. ಈ ಸಭೆಯಲ್ಲಿರುವ ಎಷ್ಟೋ ಜನರು ತುಮಕೂರಿನ ಸಿದ್ಧಗಂಗೆಯಲ್ಲಿ ಪ್ರಸಾದ ಸ್ವೀಕರಿಸಿದವರು. ಕೆಲವರು ಅಲ್ಲಿಯೇ ಓದಿದವರು. ಡಾ. ಶಿವಕುಮಾರ ಮಹಾಸ್ವಾಮಿಗಳನ್ನು ನಾವೆಲ್ಲ ನೋಡಿದ್ದು ನಡೆದಾಡುವ ದೇವರೆಂದು. ಹೀಗೆ ನೋಡಿ ನೋಡಿ, ಅವರೂ ಒಂದು ದಿನ ಕೈಯಲ್ಲಿ ಏನೂ ಇಲ್ಲದ ಹುಡುಗನಾಗಿ ಆ ಹೊಣೆಯ ಮುಂದೆ ನಿಂತಿದ್ದರು ಎಂಬುದನ್ನು ಮರೆತಿದ್ದೇವೆ.

1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಬಾಲಕ ಶಿವಣ್ಣ. ದೊಡ್ಡ ಸಂಸಾರದ ಕೊನೆಯ ಮಗ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು. ತುಮಕೂರಿನಲ್ಲಿ ಓದುವಾಗ ಸಿದ್ಧಗಂಗೆಯ ಆಶ್ರಯ ಸಿಕ್ಕಿತು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ಓದುತ್ತಿದ್ದ ವಿಷಯ ಭೌತಶಾಸ್ತ್ರ, ಗಣಿತ. ಆಗ ಮಠದ ಗುರುಗಳು ಉದ್ದಾನ ಶಿವಯೋಗಿಗಳು. ಅವರ ಉತ್ತರಾಧಿಕಾರಿ ಎಂದು ನಿಶ್ಚಯವಾಗಿದ್ದವರು ಮರುಳಾರಾಧ್ಯರು. ಶಿವಣ್ಣನವರಿಗೆ ಅವರು ಸ್ನೇಹಿತರು. ಮಠದ ಮುಂದಿನ ದಾರಿ ಸ್ಪಷ್ಟವಿತ್ತು. ಶಿವಣ್ಣನವರ ಹೆಸರು ಆ ದಾರಿಯಲ್ಲಿ ಎಲ್ಲಿಯೂ ಇರಲಿಲ್ಲ.

1930ರ ಜನವರಿಯಲ್ಲಿ ಮರುಳಾರಾಧ್ಯರು ಹಠಾತ್ತನೆ ಲಿಂಗೈಕ್ಯರಾದರು. ಗೆಳೆಯನ ಕ್ರಿಯಾವಿಧಿಗೆಂದು ಬೆಂಗಳೂರಿನಿಂದ ಬಂದ ವಿದ್ಯಾರ್ಥಿಯ ಮೇಲೆ ಉದ್ದಾನ ಶಿವಯೋಗಿಗಳ ದೃಷ್ಟಿ ನಿಂತಿತು. ಅದೇ ವರ್ಷ ಮಾರ್ಚ್ 3ರಂದು ಅವರಿಗೆ ವಿರಕ್ತಾಶ್ರಮ ದೀಕ್ಷೆಯಾಗಿ ಶಿವಕುಮಾರ ಸ್ವಾಮಿಗಳೆಂಬ ಹೆಸರು ಬಂತು. ವಯಸ್ಸು 23 ತುಂಬಿರಲಿಲ್ಲ. ಪದವಿ ಕೈಗೆ ಬಂದಿರಲಿಲ್ಲ. ಗೆಳೆಯನನ್ನು ಕಳೆದುಕೊಂಡ ದುಃಖ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದ ಹೊಣೆ ಅದು.

ಆಮೇಲೆ ನಡೆದದ್ದನ್ನು ಗಮನಿಸಿ. ದೀಕ್ಷೆಯಾದ ಮಾರನೆಯ ದಿನ ಹತ್ತು ಸಾವಿರ ಮಕ್ಕಳು ಬಂದು ಪಂಕ್ತಿಯಲ್ಲಿ ಕೂರಲಿಲ್ಲ. 1930ರಿಂದ 1941ರವರೆಗೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ, ಅವರು ಗುರುಗಳ ಸೇವೆಯಲ್ಲಿ ಕಲಿಯುತ್ತ ಇದ್ದರು. 1941ರ ಜನವರಿ 11ರಂದು ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ಣ ಭಾರ ಬಂತು. ಆಗಲೂ ಬೊಕ್ಕಸ ತುಂಬಿರಲಿಲ್ಲ. ಸ್ವಾಮಿಗಳು ಹಳ್ಳಿ ಹಳ್ಳಿಗೆ ಹೋದರು. ರೈತರು ಕೊಟ್ಟ ರಾಗಿ, ಭತ್ತ, ಕಾಣಿಕೆಗಳನ್ನು ತಂದು ಮಕ್ಕಳ ಒಲೆ ಉರಿಸಿದರು. ಬೆಳಗಿನ ಜಾವಕ್ಕೆ ಎದ್ದು ಇಷ್ಟಲಿಂಗ ಪೂಜೆ, ಆಮೇಲೆ ಮಕ್ಕಳ ಪ್ರಾರ್ಥನೆ, ಆಮೇಲೆ ದಾಸೋಹ, ಕಚೇರಿ, ಭಕ್ತರು. ಅದೇ ಕ್ರಮ ಮರುದಿನವೂ, ಅದರ ಮರುದಿನವೂ. 1963ರಲ್ಲಿ ತಾಂತ್ರಿಕ ವಿದ್ಯಾಲಯ ಬಂತು. ಬೆಳೆಯುತ್ತ ಬೆಳೆಯುತ್ತ ನೂರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಾದವು. ಜಾತಿ ಮತ ಕೇಳದೆ ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಸಿಗುವಂತಾಯಿತು. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಊಟವಾದ ಮೇಲೆಯೇ ಸುದ್ದಿಯನ್ನು ತಿಳಿಸಲಾಯಿತು ಎಂದು ಪತ್ರಿಕೆಗಳಲ್ಲಿ ಓದಿದೆವು.

1930ರಲ್ಲಿ ಆ ಯುವಕನ ಮುಂದೆ ಈ ಲೆಕ್ಕವನ್ನೆಲ್ಲ ಒಮ್ಮೆಗೇ ಇಟ್ಟು "ಇಷ್ಟು ನಿನ್ನ ಕೈಲಾಗುತ್ತದೆಯೇ?" ಎಂದು ಕೇಳಿದ್ದರೆ ಯಾವ ಮನುಷ್ಯ ಹೂಂ ಅನ್ನುತ್ತಾನೆ? ಶಿವನು ಹಾಗೆ ಕೇಳುವುದಿಲ್ಲ. 89 ವರ್ಷದ ಭಾರವನ್ನು ಒಂದೇ ದಿನ ಹೊರಿಸುವುದಿಲ್ಲ. ಆ ದಿನ ಕೇಳಿದ್ದು ಒಂದೇ: ಗುರುವಿನ ಮಾತಿಗೆ ತಲೆಬಾಗುತ್ತೀಯಾ? ಬಾಗಿದರು. ಉಳಿದದ್ದು ದಿನದಿನಕ್ಕೆ ಬಂತು, ಅದನ್ನು ಹೊರುವ ಬಲವೂ ಅದರ ಜೊತೆಗೇ ಬಂತು.

ಸೋತಂತೆ ಕಂಡದ್ದು

ಇಲ್ಲಿ ಯಾರಾದರೂ ಕೇಳಬಹುದು. ಸಿದ್ಧಗಂಗೆಯ ಕೆಲಸ ಫಲಿಸಿತು, ಸರಿ. ಫಲಿಸದಿದ್ದರೆ? ನಾನು ಶಿವನನ್ನು ನಂಬಿ ಹೊಣೆ ಹೊತ್ತೆ, ಕೆಲಸ ಕೆಟ್ಟುಹೋಯಿತು. ಆಗ ಏನು?

ಇದಕ್ಕೆ ಕಲ್ಯಾಣಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಲೋಕದ ಲೆಕ್ಕದಲ್ಲಿ ಶರಣರ ಕೆಲಸ ಮುರಿದುಬಿತ್ತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ತಂದೆಯರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು. ಬಸವಣ್ಣನವರು ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋದರು. ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನವರ ಜೊತೆ ಒಂದು ತಂಡ ಉಳವಿಯ ಕಾಡಿಗೆ ನಡೆಯಿತು. ಅಕ್ಕನಾಗಮ್ಮನವರು ತರೀಕೆರೆಯ ಬಳಿ ಎಣ್ಣೆಹೊಳೆಯಲ್ಲಿ ಲಿಂಗೈಕ್ಯರಾದರು ಎಂದು ಪರಂಪರೆ ಹೇಳುತ್ತದೆ. ನಮ್ಮ ಹಾಸನಕ್ಕೆ ಅದು ದೂರದ ಊರಲ್ಲ. ಓಲೆಯ ಕಟ್ಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡುತ್ತಿದ್ದ ಆ ಶರಣರನ್ನು ಯಾರಾದರೂ ತಡೆದು "ನಿಮ್ಮ ಕೆಲಸ ಗೆದ್ದಿತೇ, ಸೋತಿತೇ?" ಎಂದು ಕೇಳಿದ್ದರೆ, ಕಣ್ಣಿಗೆ ಕಾಣುವ ಉತ್ತರ ಒಂದೇ ಇತ್ತು.

ಆದರೆ ಅವರು ಓಲೆಯನ್ನು ಕೆಳಗಿಡಲಿಲ್ಲ. ಅಷ್ಟೇ ಅವರ ಕೈಲಿದ್ದದ್ದು. ಅಷ್ಟನ್ನು ಮಾಡಿದರು.

ಮುಂದೆ ಏನಾಯಿತು? ನಮ್ಮ ಜಿಲ್ಲೆಯ ಹಳೇಬೀಡು, ಅಂದಿನ ದೋರಸಮುದ್ರದಲ್ಲಿ, ಹೊಯ್ಸಳರ ಬಳಿ ಲೆಕ್ಕ ಬರೆಯುವ ಕರಣಿಕನಾಗಿದ್ದ ಹರಿಹರ ಆ ಕೆಲಸ ಬಿಟ್ಟು ಹಂಪೆಗೆ ಹೋದ ಎಂದು ಪರಂಪರೆ ಹೇಳುತ್ತದೆ. ಸುಮಾರು 1200ರ ಹೊತ್ತಿನ ಮಾತು. ಅರಸರನ್ನು ಹೊಗಳುವುದು ಕವಿಗಳ ರೂಢಿಯಾಗಿದ್ದ ಕಾಲದಲ್ಲಿ ಮಡಿವಾಳ, ಕುಂಬಾರ, ಮಾದಾರ ಶರಣರ ಚರಿತ್ರೆಯನ್ನು ರಗಳೆಯಲ್ಲಿ ಹಾಡಲು ಹೊರಟವನು ಅವನು. ಮುಂದೆ ಒಬ್ಬರು ನಡೆದು ತೋರಿಸಿದ ದಾರಿಯಾಗಿರಲಿಲ್ಲ ಅದು. ಬಸವಣ್ಣನವರ ಚರಿತ್ರೆ ಕನ್ನಡದಲ್ಲಿ ಮೊದಲು ಕಾವ್ಯವಾಗಿ ಬಂದದ್ದು ಅವನಿಂದ.

ಇನ್ನೂ ಏಳುನೂರು ವರ್ಷ ಮುಂದೆ ಬನ್ನಿ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ವಿಜಯಪುರದಲ್ಲಿ ವಕೀಲಿಕೆಗೆ ನಿಂತ ಒಬ್ಬ ಯುವಕ. ರಬಕವಿಯಲ್ಲಿ ಸ್ನೇಹಿತರ ಮನೆಯಲ್ಲಿ ವಚನಗಳ ತಾಡೋಲೆ ಕಟ್ಟುಗಳನ್ನು ಕಂಡರು. ಅವರೇ ಫ. ಗು. ಹಳಕಟ್ಟಿ. ಓಲೆ ಹುಡುಕುವುದು, ಸವೆದ ಅಕ್ಷರ ಓದುವುದು, ಪಾಠ ತೂಗಿ ನೋಡುವುದು ಪಂಡಿತರ ಕೆಲಸ. ಇವರ ಕಸುಬು ಕಾಯಿದೆ, ಕಕ್ಷಿದಾರರು, ಕೋರ್ಟು. "ಇದು ನನ್ನ ಕೆಲಸವಲ್ಲ, ತಿಳಿದವರು ಮಾಡಲಿ" ಎಂದು ಓಲೆಗಳನ್ನು ಕೈಮುಗಿದು ಹಿಂದಿರುಗಿಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಊರೂರು ತಿರುಗಿದರು, ಮಠ, ಮನೆಗಳಲ್ಲಿ ಕೇಳಿದರು, ಪ್ರತಿ ಮಾಡಿದರು. ಓಲೆ ಕಂಡ ಸುಮಾರು ಇಪ್ಪತ್ತು ವರ್ಷಗಳ ಮೇಲೆ, 1923ರಲ್ಲಿ, ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ಅಚ್ಚು ಹಾಕಿಸುವ ತೊಂದರೆ ನೀಗಲು ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಮನೆ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಅಲ್ಲಿಯವರೆಗೆ ಲೋಕಕ್ಕೆ ಐವತ್ತರ ಸುಮಾರಿನಲ್ಲಿ ತಿಳಿದಿದ್ದ ವಚನಕಾರರ ಹೆಸರು ಇನ್ನೂರು ದಾಟಿತು.

ಇವತ್ತು ನಾವು ನೀವು ಮನೆಯಲ್ಲಿ ಕೂತು ವಚನ ಓದುತ್ತೇವೆ. ಕಲ್ಯಾಣದಿಂದ ಓಡಿದವರು, ರಬಕವಿಯಂಥ ಊರುಗಳ ಮನೆಗಳಲ್ಲಿ ಅರ್ಥ ತಿಳಿಯದಿದ್ದರೂ ಓಲೆಗೆ ವಿಭೂತಿ ಹಚ್ಚಿ ಪೂಜಿಸಿ ಕಾಪಾಡಿದವರು, ಆ ವಕೀಲರು, ಇವರಲ್ಲಿ ಒಬ್ಬರು "ಕೈಲಾಗದು" ಎಂದಿದ್ದರೂ ಸರಪಳಿ ಕಡಿದುಹೋಗುತ್ತಿತ್ತು. ಶಿವನನ್ನು ನಂಬುವುದು ಎಂದರೆ ನಾನು ಗೆಲ್ಲುತ್ತೇನೆ ಎಂದು ನಂಬುವುದಲ್ಲ. ನನ್ನ ಪಾಲಿನ ಕೊಂಡಿ ನಾನು ಹಿಡಿದರೆ ಸರಪಳಿಯನ್ನು ನೋಡಿಕೊಳ್ಳುವವನು ಅವನು ಎಂದು ನಂಬುವುದು.

ಕಲಿಸಿಕೊಟ್ಟ ಅಳುಕು

ಈಗ ಅರಕಲಗೂಡಿನ ಆ ತಾಯಿಯ ಮಾತಿಗೆ ಬರುತ್ತೇನೆ. ಅವರ ಅಳುಕು ಮೇಷ್ಟ್ರ ಅಳುಕಿನಂಥದ್ದಲ್ಲ. ಮೇಷ್ಟ್ರಿಗೆ ವಚನದ ಅರ್ಥ ಗೊತ್ತಿಲ್ಲ, ಕಲಿತರೆ ಮುಗಿಯಿತು. ಈ ತಾಯಿಗೆ ಎಲ್ಲವೂ ಗೊತ್ತಿದೆ. ಪೂಜೆ ಗೊತ್ತು, ವಚನ ಗೊತ್ತು, ಕಂಠ ಚೆನ್ನಾಗಿದೆ. ಆದರೂ ಕೈಲಾಗದು ಅನ್ನುತ್ತಾರೆ. ಏಕೆ? ಗಂಡ ಇಲ್ಲದ ಹೆಂಗಸು ಶುಭಕಾರ್ಯದಲ್ಲಿ ಹಿಂದೆ ನಿಲ್ಲಬೇಕೆಂದು ಅವರಿಗೆ ಯಾರೋ ಕಲಿಸಿದ್ದಾರೆ. ತಿಂಗಳ ದಿನಗಳಲ್ಲಿ ಲಿಂಗ ಮುಟ್ಟಬಾರದೆಂದು ಕಲಿಸಿದ್ದಾರೆ. ಹೆಣ್ಣು ಮಂತ್ರ ಹೇಳಿಕೊಡಬಾರದೆಂದು ಕಲಿಸಿದ್ದಾರೆ. ಇದು ವಿನಯವೂ ಅಲ್ಲ, ಅಸಾಮರ್ಥ್ಯವೂ ಅಲ್ಲ. ಹೊರಗಿನಿಂದ ಬಂದು ಒಳಗೆ ಮನೆ ಮಾಡಿಕೊಂಡ ಮಾತು.

ನಮ್ಮ ಧರ್ಮ ಏನು ಹೇಳುತ್ತದೆ? ಲಿಂಗವಂತರಿಗೆ ಪಂಚಸೂತಕಗಳಿಲ್ಲ. ಜನನಸೂತಕ ಇಲ್ಲ, ಮರಣಸೂತಕ ಇಲ್ಲ, ರಜಸ್ಸೂತಕ ಇಲ್ಲ, ಉಚ್ಛಿಷ್ಟ ಸೂತಕ ಇಲ್ಲ, ಜಾತಿಸೂತಕ ಇಲ್ಲ. ಇಷ್ಟಲಿಂಗ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂದು ಯಾವ ಶರಣರೂ ಹೇಳಲಿಲ್ಲ. ಬೀದಿ ಗುಡಿಸುವ ಸತ್ಯಕ್ಕ, ನೂಲುವ ರೆಮ್ಮವ್ವೆ, ಅಕ್ಕಿ ಆಯುವ ಲಕ್ಕಮ್ಮ, ಬೀದಿಯ ಬದುಕಿನಿಂದ ಬಂದ ಸಂಕವ್ವೆ, ಇವರೆಲ್ಲ ವಚನ ಬರೆದವರು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಹೆಸರು ನಮಗೆ ಸಿಗುತ್ತವೆ. "ನಮ್ಮಂಥವರ ಕೈಲಾಗುವುದೇ?" ಎಂದು ಇವರು ಕೂತಿದ್ದರೆ ಅನುಭವ ಮಂಟಪದಲ್ಲಿ ಗಂಡಸರ ದನಿ ಮಾತ್ರ ಇರುತ್ತಿತ್ತು.

ಆದ್ದರಿಂದ ಆ ತಾಯಿಗೆ ನಾನು ಹೇಳುವುದು: ಅಕ್ಕಾ, ನಿಮ್ಮ ಕೈಯಲ್ಲಿ ಲಿಂಗ ಇದೆ. ಅದು ಇರುವ ಕೈಗೆ ಅಮಂಗಳ ಎಂಬುದಿಲ್ಲ. ನೀವು ಮುಂದೆ ಕೂತು ಪೂಜೆ ನಡೆಸಿ. ನಿಮ್ಮನ್ನು ನೋಡಿ ಹಿಂದಿನ ಸಾಲಿನಲ್ಲಿ ಕೂತ ಇನ್ನೊಬ್ಬ ಹೆಣ್ಣುಮಗಳು ನಾಳೆ ಮುಂದೆ ಬರುತ್ತಾಳೆ. ಬಳಗದವರಿಗೆ ನಾನು ಹೇಳುವುದು: ಕರೆದು ಸುಮ್ಮನಾಗಬೇಡಿ. ಯಾರಾದರೂ ಕುಹಕದ ಮಾತು ಆಡಿದರೆ ಆ ತಾಯಿ ಒಬ್ಬರೇ ಉತ್ತರ ಕೊಡುವಂತಾಗಬಾರದು. ಮಠದ ಪೂಜ್ಯರು, ಊರಿನ ಗಂಡಸರು ಎದ್ದು ನಿಂತು ಉತ್ತರ ಕೊಡಬೇಕು. ಒಬ್ಬರನ್ನು ಹೊಣೆಗೆ ಕರೆದ ಮೇಲೆ ಅವರಿಗೆ ಆಸರೆಯಾಗುವುದು ಕರೆದವರ ಹೊಣೆ.

ಎಲ್ಲ ಕರೆಯೂ ಶಿವನ ಕರೆಯೇ?

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕೇಳಿದ್ದಕ್ಕೆಲ್ಲ ಹೂಂ ಅನ್ನಿ ಎಂದು ನಾನು ಹೇಳುತ್ತಿಲ್ಲ. ಸಮಾಜದಲ್ಲಿ ಕುರ್ಚಿಯ ಆಸೆಗೂ ಕರೆ ಎಂಬ ಹೆಸರು ಕೊಡುವವರಿದ್ದಾರೆ. ಚುನಾವಣೆ ಹತ್ತಿರ ಬಂದಾಗ ಸಮಾಜಸೇವೆಯ ಕರೆ ಕೇಳಿಸುವವರೂ ಇದ್ದಾರೆ. ಹಾಗಾದರೆ ಗುರುತು ಹೇಗೆ?

ಗುರು, ಲಿಂಗ, ಜಂಗಮ ಈ ಮೂರರ ಮುಂದೆ ಇಟ್ಟು ನೋಡಬೇಕು. ಮೊದಲು ಜಂಗಮ, ಅಂದರೆ ಸಮಾಜ. ಈ ಕೆಲಸ ಯಾರಿಗೆ ಬೇಕಾಗಿದೆ? ಹಸಿದವರಿಗೆ, ಕಲಿಯಬೇಕಾದ ಮಕ್ಕಳಿಗೆ, ದುಃಖದ ಮನೆಗೆ ಬೇಕಾಗಿದೆಯೇ, ಅಥವಾ ನನ್ನ ಹೆಸರಿಗೆ ಬೇಕಾಗಿದೆಯೇ? ಎರಡನೆಯದು ಗುರು. ನನಗಿಂತ ತಿಳಿದವರು, ನನ್ನ ಹೊಗಳಿಕೆಯಿಂದ ಲಾಭವಿಲ್ಲದವರು, ಇದಕ್ಕೆ ಏನು ಹೇಳುತ್ತಾರೆ? ಮೂರನೆಯದು ಲಿಂಗ. ಬೆಳಗಿನ ಪೂಜೆಯಲ್ಲಿ ಲಿಂಗವನ್ನು ದಿಟ್ಟಿಸುತ್ತ ಕೂತಾಗ ಈ ವಿಷಯ ಮನಸ್ಸಿಗೆ ಬಂದರೆ ಒಳಗೆ ತಿಳಿಯಾಗುತ್ತದೆಯೇ, ಕದಡುತ್ತದೆಯೇ? ಭಯ ಇರಬಹುದು, ಅದು ಬೇರೆ. ನಾಚಿಕೆಯಾಗಬಾರದು. ಮೂರೂ ಒಂದೇ ದಿಕ್ಕು ತೋರಿಸಿದರೆ, ಆಮೇಲೆ ಶಕ್ತಿಯ ಲೆಕ್ಕ ಹಾಕುತ್ತ ಕೂರಬಾರದು.

ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ. ನೂರು ಮನೆಯ ಹಣ ಇಡುವ ಟ್ರಸ್ಟಿನ ಖಜಾಂಚಿಯಾಗಲು ಕರೆ ಬಂತು, ನನಗೆ ಲೆಕ್ಕ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ ಎಂದಾದರೆ ಬೇಡ ಎನ್ನುವುದೇ ಧರ್ಮ. ಶಿವ ನೋಡಿಕೊಳ್ಳುತ್ತಾನೆ ಎಂದು ಲೆಕ್ಕ ಬರೆಯದೆ ಬಿಡುವುದು ಭಕ್ತಿಯಲ್ಲ, ಸಮಾಜಕ್ಕೆ ಮಾಡುವ ದ್ರೋಹ.

ನಂಬಿ ಕೂರುವುದಲ್ಲ, ನಂಬಿ ಏಳುವುದು

ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಬಂದದ್ದೆಲ್ಲ ಶಿವಪ್ರಸಾದ ಎಂದು ಸ್ವೀಕರಿಸುವವನು ಪ್ರಸಾದಿ. ಅಲ್ಲಿಯ ಭಕ್ತಿಗೆ ಅವಧಾನ ಭಕ್ತಿ ಎಂದು ಹೆಸರು. ಅವಧಾನ ಎಂದರೆ ಎಚ್ಚರ, ಮೈಯೆಲ್ಲ ಕಣ್ಣಾಗಿರುವುದು. ಹಿರಿಯರು ಈ ಎರಡನ್ನು ಜೊತೆಗಿಟ್ಟದ್ದು ಬಹಳ ಅರ್ಥಪೂರ್ಣ. ಶಕ್ತಿ ಶಿವನ ಪ್ರಸಾದ, ಸರಿ. ಪ್ರಸಾದವನ್ನು ಚೆಲ್ಲದಂತೆ ಹಿಡಿಯುವ ಎಚ್ಚರ ನನ್ನದು.

ಇದನ್ನು ನಮ್ಮ ಊರಿನ ಮಾತಿನಲ್ಲೇ ಹೇಳಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಇದೆ. ಅಲ್ಲಿಂದ ಎಡದಂಡೆ ನಾಲೆ ಹೊರಟು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗ ದಾಟಿ ತುಮಕೂರಿನ ಸೀಮೆಗೆ ನೀರು ಒಯ್ಯುತ್ತದೆ. ನಾಲೆಗೆ ಸ್ವಂತದ ನೀರು ಒಂದು ಹನಿಯೂ ಇಲ್ಲ. ಮಳೆ ಸುರಿಸುವುದು ಅದರ ಕೆಲಸವಲ್ಲ. ನೀರು ಬಿಟ್ಟಾಗ ಹರಿಯಲು ದಾರಿ ಕೊಡುವುದು ಅದರ ಕೆಲಸ. ಹೂಳು ತುಂಬಿದ್ದರೆ, ಏರಿ ಒಡೆದಿದ್ದರೆ, ಅಣೆಕಟ್ಟು ತುಂಬಿದ್ದರೂ ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. "ನನ್ನಲ್ಲಿ ನೀರಿಲ್ಲ, ನಾನೆಂಥ ನಾಲೆ?" ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಹೂಳು ತೆಗೆಯೋಣ. ನೀರು ಬಿಡುವವನು ಬಿಡುತ್ತಾನೆ.

ಹೂಳು ತೆಗೆಯುವುದು ಎಂದರೆ ಏನು? ನಿತ್ಯ ಇಷ್ಟಲಿಂಗ ಪೂಜೆ ತಪ್ಪಿಸದಿರುವುದು. ಹೊಣೆಗೆ ಬೇಕಾದದ್ದನ್ನು ಕಲಿಯುವುದು. ಒಬ್ಬರೇ ಹೊರದೆ ಜೊತೆಗಾರರನ್ನು ಕೂಡಿಸಿಕೊಳ್ಳುವುದು. ಕಲ್ಯಾಣದಲ್ಲಿ ಯಾವ ಶರಣರೂ ಒಂಟಿಯಾಗಿ ಕೆಲಸ ಮಾಡಲಿಲ್ಲ. ಬಸವಣ್ಣನವರಿಗೆ ಮಡಿವಾಳ ಮಾಚಿದೇವರಂಥವರು ಬೆನ್ನಿಗಿದ್ದರು, ತಪ್ಪಿದಾಗ ತಿದ್ದುವವರೂ ಇದ್ದರು.

ಇನ್ನೊಂದು ಸೂಕ್ಷ್ಮವನ್ನು ಆಯ್ದಕ್ಕಿ ಲಕ್ಕಮ್ಮನವರಿಂದ ಕಲಿಯಬೇಕು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಒಪ್ಪಲಿಲ್ಲ, ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದರು. ಸಾಮಾನ್ಯವಾಗಿ ನಾವು ಇದನ್ನು ಆಸೆ ಬೇಡ ಎಂಬ ಪಾಠವಾಗಿ ಹೇಳುತ್ತೇವೆ. ಅದು ಸರಿ. ಅದರೊಳಗೆ ನಂಬಿಕೆಯ ಪಾಠವೂ ಇದೆ. ಈ ದಿನದ ದಾಸೋಹಕ್ಕೆ ಈ ದಿನದ ಅಕ್ಕಿ ಸಾಕು, ನಾಳೆಯದನ್ನು ನಾಳೆ 'ಅವನು' ಕೊಡುತ್ತಾನೆ. ಹೊಣೆ ಹೊರುವವರು ಕುಸಿಯುವುದು ಇವತ್ತಿನ ಭಾರದಿಂದಲ್ಲ. ನಾಳೆಯದು, ನಾಡಿದ್ದಿನದು, ಹತ್ತು ವರ್ಷದ್ದು ಎಲ್ಲವನ್ನೂ ಇವತ್ತೇ ತಲೆಗೇರಿಸಿಕೊಳ್ಳುವುದರಿಂದ. ಮಕ್ಕಳ ವಚನ ತರಗತಿ ಹತ್ತು ವರ್ಷ ನಡೆಯುತ್ತದೆಯೇ ಎಂದು ಕೇಳಬೇಡಿ. ಈ ಭಾನುವಾರಕ್ಕೆ ಒಂದು ವಚನ ಸಿದ್ಧ ಮಾಡಿಕೊಳ್ಳಿ.

ಶರಣ ಬಂಧುಗಳೇ, ಚನ್ನರಾಯಪಟ್ಟಣದ ಮೇಷ್ಟ್ರಿಗೆ ನನ್ನ ಬಿನ್ನಹ ಇದು. ಮೇಷ್ಟ್ರೇ, ಒಂದು ವಾರಕ್ಕೆ ಒಂದೇ ವಚನ ಸಾಕು. ಅರ್ಥ ತಿಳಿಯದಿದ್ದರೆ ಮಕ್ಕಳ ಮುಂದೆ "ನಾನೂ ಕೇಳಿ ತಿಳಿದು ಬರುತ್ತೇನೆ" ಅನ್ನಿ. ಎಲ್ಲ ತಿಳಿದವರಿಗಿಂತ, ಕಲಿಯುತ್ತಿರುವ ಮೇಷ್ಟ್ರನ್ನು ಮಕ್ಕಳು ಹೆಚ್ಚು ನಂಬುತ್ತಾರೆ. ಹೊಳೆನರಸೀಪುರದ ತಮ್ಮನಿಗೆ ಹೇಳುವುದು: ನಿಮ್ಮ ತಂದೆಯ ಮಾತಿಗೂ ಮೊದಲ ದಿನ ಹತ್ತು ಜನ ಬಂದಿರಲಿಕ್ಕಿಲ್ಲ. ನೀನು ದೀಪ ಹಚ್ಚಿ ಕೂರು. ಇಬ್ಬರು ಬಂದರೆ ಇಬ್ಬರೊಡನೆ ಪ್ರಾರ್ಥನೆ ಮಾಡು. ಯಾರೂ ಬರದ ದಿನ ನೀನೂ ಲಿಂಗವೂ ಇದ್ದೀರಲ್ಲ, ಅದು ಇಬ್ಬರಾಯಿತು.

ಇನ್ನು ಉಳಿದ ನಮಗೆಲ್ಲ. ಈ ಸಭೆಯಲ್ಲಿ ಕೂತವರಲ್ಲಿ ಹಲವರಿಗೆ ಯಾವುದೋ ಒಂದು ಕೆಲಸಕ್ಕೆ ಕರೆ ಬಂದಿದೆ, ಉತ್ತರ ಕೊಟ್ಟಿಲ್ಲ. ಯಾರದೋ ಮನೆಯ ಕಲ್ಯಾಣವನ್ನು ವಚನ ಹೇಳಿ ನಡೆಸಿಕೊಡಬೇಕು. ಯಾರದೋ ಮಗುವನ್ನು ಓದಿಸಬೇಕು. ಊರಿನ ಎಲ್ಲ ಜಾತಿಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ಬಡಿಸಬೇಕು. ನಾಳೆ ಬೆಳಿಗ್ಗೆ ಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಂಡಾಗ ಆ ಕೆಲಸದ ಹೆಸರು ಹೇಳಿ. ನನ್ನ ಕೈಲಾಗುತ್ತದೆಯೇ ಎಂದು ಕೇಳಬೇಡಿ. ಆಗುವುದು ಕೈಯಿಂದಲ್ಲ, ಕೈಯ ಮೇಲಿರುವ ಲಿಂಗದಿಂದ. ಮೊದಲ ಹೆಜ್ಜೆ ಯಾವುದು ಎಂದು ಮಾತ್ರ ಕೇಳಿ, ಅದನ್ನು ಅಂದೇ ಇಡಿ.